ಊಟದ ಮೇಜಿಗೆ ಮತ್ತೆ ಚಪಡಾ ಪಾಲಿಶ್: ನನ್ನ ಅನುಭವ

ಬೆಳಗಾವಿಯ ನಮ್ಮ ಮನೆಯ ಸಾಗವಾನಿ ಊಟದ ಮೇಜಿನ ಒಂದು ತುದಿಯಲ್ಲಿ, ತಂದೆಯವರು ದಿನವೂ ಮೊಣಕೈ ಊರಿ ಕೂರುತ್ತಿದ್ದ ಕಡೆ, ಪಾಲಿಶ್ ಸವೆದು ಬರಿ ಮರ ಕಾಣುತ್ತಿತ್ತು. ಉಳಿದ ಕಡೆ ಬಿಸಿ ಬೋಗುಣಿ ಇಟ್ಟ ಬಿಳಿ ಗುರುತುಗಳಿದ್ದವು. ಎಲ್ಲವನ್ನೂ ಯಂತ್ರದಿಂದ ಉಜ್ಜಿ ತೆಗೆಯಬೇಕೆಂದಿದ್ದ ನನ್ನನ್ನು ನಮ್ಮ ಓಣಿಯ ಹಿರಿಯ ಬಡಿಗೇರರು ತಡೆದರು: "ಮೊದಲ ಹಳೇ ಪಾಲಿಶ್ ಯಾವುದಂತ ನೋಡ್ರಿ, ಆಮ್ಯಾಲೆ ಕೈ ಹಚ್ರಿ."

ಮೇಜಿನ ಕೆಳಬದಿಯ ಮೂಲೆಗೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಒಂದು ನಿಮಿಷ ಒತ್ತಿ ಹಿಡಿದೆ. ಪಾಲಿಶ್ ಮೆತ್ತಗಾಗಿ ಹತ್ತಿಗೆ ಕಂದು ಅಂಟು ಬಂತು. ಅಂದರೆ ಅದು ಚಪಡಾ, ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ತಿನ್ನರ್‌ಗೆ ಮಾತ್ರ ಕರಗಿದ್ದರೆ ಲ್ಯಾಕರ್ ಎಂದು ತಿಳಿಯಬೇಕಿತ್ತು. ಚಪಡಾದ ದೊಡ್ಡ ಗುಣವೆಂದರೆ, ಹೊಸ ಪದರು ಹಳೆಯದನ್ನು ತುಸು ಕರಗಿಸಿಕೊಂಡು ಅದರೊಡನೆ ಒಂದಾಗುತ್ತದೆ. ಹೀಗಾಗಿ ಗಟ್ಟಿಯಾಗಿ ಉಳಿದಿದ್ದ ಹಳೆಯ ಪಾಲಿಶನ್ನು ಕೆರೆದು ಹಾಳುಮಾಡುವ ಅಗತ್ಯವೇ ಇರಲಿಲ್ಲ.

ಆದರೆ ನಾನು ಜುಲೈ ತಿಂಗಳಲ್ಲಿ, ಬೆಳಗಾವಿಯ ಬಿಡದ ಮಳೆಯಲ್ಲಿ, ಕೆಲಸಕ್ಕೆ ಇಳಿದದ್ದು ತಪ್ಪಾಯಿತು. ಸ್ಪಿರಿಟ್ ಬೇಗನೆ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂರುತ್ತದೆ. ಹಚ್ಚಿದ ಕಡೆಯೆಲ್ಲ ಮಜ್ಜಿಗೆ ಚೆಲ್ಲಿ ಒರೆಸಿದಂತೆ ಬಿಳಿ ಮಬ್ಬು ಮೂಡಿತು. ಅಲ್ಲಿಗೇ ನಿಲ್ಲಿಸಿ, ದೀಪಾವಳಿ ಮುಗಿದು ಹವೆ ಒಣಗಿದ ಮೇಲೆ ಮತ್ತೆ ಆರಂಭಿಸಿದೆ. ಸ್ಪಿರಿಟ್ ಸೋಕಿಸಿದ ಬಟ್ಟೆಯಿಂದ ಹಗುರವಾಗಿ ಸವರಿದಾಗ ಆ ಮಬ್ಬೂ ಬೋಗುಣಿಯ ಗುರುತುಗಳೂ ಬಹುಪಾಲು ಹೋದವು.

ಸವೆದ ತುದಿಯನ್ನು ಮಾತ್ರ 180, ಆಮೇಲೆ 220 ನಂಬರಿನ ಪಾಲಿಶ್ ಕಾಗದದಿಂದ ಮರದ ಎಳೆಯ ಉದ್ದಕ್ಕೂ ಉಜ್ಜಿದೆ. ಅಡ್ಡ ಉಜ್ಜಿದರೆ ಬೀಳುವ ಗೀರುಗಳು ಪಾಲಿಶ್ ಹಚ್ಚಿದ ಮೇಲೆ ಇನ್ನಷ್ಟು ಎದ್ದು ಕಾಣುತ್ತವೆ. ಅರ್ಧ ಲೀಟರ್ ಸ್ಪಿರಿಟ್‌ಗೆ 100 ಗ್ರಾಂ ಚಪಡಾ ಹಾಕಿ, ಗಾಜಿನ ಬರಣಿಯಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿಕೊಂಡೆ. ಕಬ್ಬಿಣದ ಡಬ್ಬಿ ಬಳಸಿದರೆ ಬಣ್ಣ ಕಪ್ಪಾಗುತ್ತದೆ. ಸ್ಪಿರಿಟ್ ಬೆಂಕಿಗೆ ಬಹಳ ಬೇಗ ತುತ್ತಾಗುವುದರಿಂದ ಪಕ್ಕದ ಅಡುಗೆಮನೆಯ ಗ್ಯಾಸನ್ನು ಅಷ್ಟು ಹೊತ್ತೂ ಆರಿಸಿಯೇ ಇಟ್ಟಿದ್ದೆವು.

ಹಳೆಯ ಧೋತರದ ತುಂಡಿನಲ್ಲಿ ಹತ್ತಿ ಕಟ್ಟಿ, ಅಡಿಯಲ್ಲಿ ಒಂದೂ ನಿರಿಗೆ ಇಲ್ಲದಂತೆ ಬಿಗಿಮಾಡಿ, ಒತ್ತಿದರೆ ಹನಿ ಬೀಳದಷ್ಟೇ ಹಸಿ ಇಟ್ಟುಕೊಂಡೆ. ಹಂಚಿನ ಮೇಲಿನ ಜೋಳದ ರೊಟ್ಟಿಗೆ ನೀರು ಸವರುವ ಕೈ ಹೇಗೆ ಎಲ್ಲಿಯೂ ನಿಲ್ಲದೆ ಸಾಗುತ್ತದೆಯೋ ಹಾಗೆ ಸವರಬೇಕು. ಕ್ಷಣ ನಿಂತರೂ ಕೆಳಗಿನ ಪದರು ಕರಗಿ ಬಟ್ಟೆಗೆ ಕಿತ್ತುಬರುತ್ತದೆ. ಬಟ್ಟೆ ಎಳೆಯತೊಡಗಿದರೆ ಒಂದೆರಡು ಹನಿ ಅಗಸೆ ಎಣ್ಣೆ ಸಾಕು. ದಿನಕ್ಕೆ ಮೂರು ತೆಳು ಪದರಿನಂತೆ ನಾಲ್ಕು ದಿನ ಹಚ್ಚಿದೆ.

ಎರಡು ವಾರ ಮೇಜನ್ನು ಬಳಸಲಿಲ್ಲ. ಚಪಡಾ ಬಿಸಿಗೆ ತಾಳುವುದಿಲ್ಲ. ಈಗ ಸಾರಿನ ಪಾತ್ರೆಯ ಕೆಳಗೆ ಸಿಂಬಿ ಇಟ್ಟೇ ಇಡುತ್ತೇವೆ. ತಂದೆಯವರ ತುದಿ ಉಳಿದ ಭಾಗಕ್ಕಿಂತ ಇನ್ನೂ ತುಸು ತಿಳಿ ಬಣ್ಣದಲ್ಲಿದೆ, ಬಣ್ಣ ಕೂಡಿಸಲು ಅದನ್ನು ಮತ್ತೆ ಮುಟ್ಟಿಲ್ಲ.