ಹೆರಿಗೆಗೆ ಮೊದಲು ಮಾಂಡ್ವಾಕ್ಕೆ: ರೋ-ರೋ ಹಡಗಿನಲ್ಲಿ ಒಂದು ದಿನ

ಬಸುರಿ ಗೆಳತಿಯನ್ನು ಮುಂಬೈಯಿಂದ ಕಡಲಾಚೆ ಅಲಿಬಾಗ್ ಬಳಿಯ ಮಾಂಡ್ವಾಕ್ಕೆ ಕರೆದುಕೊಂಡು ಹೋಗುವಾಗ ಒಂದು ಗಂಟೆಯ ಸಮುದ್ರಯಾನಕ್ಕಿಂತ ಹತ್ತುವ, ಇಳಿಯುವ ಎರಡೆರಡು ನಿಮಿಷಕ್ಕೇ ಹೆಚ್ಚು ತಲೆ ಓಡಿಸಬೇಕು. ಗೇಟ್‌ವೇ ಆಫ್ ಇಂಡಿಯಾದಲ್ಲಿ ಲಾಂಚು ಹತ್ತಲು ಕಲ್ಲು ಮೆಟ್ಟಿಲಿನ ಅಂಚಿನಿಂದ ತೂಗಾಡುವ ದೋಣಿಗೆ ಕಾಲಿಡಬೇಕು. ಕಡಲು ಇಳಿತದಲ್ಲಿದ್ದ ಹೊತ್ತಾದರೆ ಪಾಚಿ ಹಿಡಿದ ಕೆಳಗಿನ ಮೆಟ್ಟಿಲವರೆಗೂ ಹೋಗಬೇಕು. ಎಷ್ಟೋ ಸಲ ಒಂದು ಲಾಂಚಿನ ಪಕ್ಕಕ್ಕೆ ಇನ್ನೊಂದನ್ನು ಕಟ್ಟಿರುತ್ತಾರೆ. ಮೊದಲನೆಯದನ್ನು ದಾಟಿಯೇ ಎರಡನೆಯದಕ್ಕೆ ಹೋಗಬೇಕು. ಹೊಟ್ಟೆ ಮುಂದೆ ಬಂದು ತನ್ನ ಪಾದವೇ ಕಾಣದವಳಿಗೆ ಆ ಹೆಜ್ಜೆ ಬೇಡವೇ ಬೇಡ. ಅದಕ್ಕೇ ನಾವು ಮುಂಬೈಯ ಇನ್ನೊಂದು ಹಡಗುಕಟ್ಟೆಯಾದ ಭಾವುಚಾ ಧಕ್ಕಾದಿಂದ ಹೊರಡುವ ರೋ-ರೋ ಹಡಗನ್ನು ಆರಿಸಿಕೊಂಡೆವು. 2020ರಲ್ಲಿ ಶುರುವಾದ ಈ ಹಡಗು ಕಾರನ್ನೂ ಒಯ್ಯುತ್ತದೆ. ಒಳಗೆ ಎಸಿ, ಶೌಚಾಲಯ ಎರಡೂ ಇವೆ.

ಮೊದಲು ಡಾಕ್ಟರ ಒಪ್ಪಿಗೆ. ಮಾಸು ಕೆಳಗಿದ್ದರೆ, ರಕ್ತ ಕಂಡಿದ್ದರೆ, ಬಿಪಿ ಹೆಚ್ಚಿದ್ದರೆ, ಅವಳಿ ಇದ್ದರೆ ಈ ಯೋಚನೆಯನ್ನೇ ಬಿಡಿ. ಹದಿನಾಲ್ಕರಿಂದ ಇಪ್ಪತ್ತೆಂಟು ವಾರದ ನಡುವೆ ಹೋದರೆ ಮೈ ಹಗುರವಾಗಿರುತ್ತದೆ. ನಾವು ಹೋದದ್ದು ಇಪ್ಪತ್ತಾರನೇ ವಾರದಲ್ಲಿ. ಆಸ್ಪತ್ರೆಯ ಫೈಲು, ಕೊನೆಯ ಸ್ಕ್ಯಾನಿನ ಪ್ರತಿ, ರಕ್ತದ ಗುಂಪು ಬರೆದ ಚೀಟಿ, ಇಷ್ಟನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವಳ ಕೈಚೀಲದಲ್ಲೇ ಇಟ್ಟೆವು. ಕಾರಿನ ಡಿಕ್ಕಿಯಲ್ಲಿಟ್ಟರೆ ಬೇಕಾದಾಗ ಕೈಗೆ ಸಿಗುವುದಿಲ್ಲ.

ಕಾಲ ಡಿಸೆಂಬರ್‌ನಿಂದ ಫೆಬ್ರವರಿ, ದಿನ ಬುಧವಾರವೋ ಗುರುವಾರವೋ ಆದರೆ ಒಳ್ಳೆಯದು. ಶನಿವಾರ ಭಾನುವಾರ ಕಾರಿನ ಜಾಗ ಬೇಗ ತುಂಬಿಹೋಗುತ್ತದೆ. ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ತೆಗೆದು, ಮುಕ್ಕಾಲು ಗಂಟೆ ಮುಂಚೆ ತಲುಪಬೇಕು. ಒಂದು ಎಚ್ಚರಿಕೆ: ಭಾವುಚಾ ಧಕ್ಕಾ ಮೀನಿನ ಬಂದರೂ ಹೌದು. ಬೆಳಗಿನ ಹೊತ್ತು ಆ ವಾಸನೆ ಅವಳಿಗೆ ಹೊಟ್ಟೆ ತೊಳಸಿಬಿಡುತ್ತದೆ. ಕಾರಿನ ಗಾಜು ಏರಿಸಿ, ಗಜನಿಂಬೆಯ ಸಿಪ್ಪೆಯನ್ನು ಉಗುರಿನಿಂದ ಗೀರಿ ಕೈಗೆ ಕೊಟ್ಟೆವು. ಅದನ್ನು ಮೂಸುತ್ತಲೇ ಅವಳು ಆ ದಾರಿ ದಾಟಿದಳು.

ಕಾರನ್ನು ಒಬ್ಬರು ಹಡಗಿನೊಳಗೆ ಓಡಿಸಲಿ, ಬಸುರಿ ಉಳಿದವರ ಜೊತೆ ನಿಧಾನಕ್ಕೆ ನಡೆದು ಬರಲಿ. ಕಾರು ನಿಲ್ಲಿಸುವ ಅಂತಸ್ತಿನಲ್ಲಿ ಸೆಕೆ, ಹೊಗೆ, ಕಿರಿದಾದ ಸಂದು. ಚಪ್ಪಲಿಗೆ ಹಿಂದೆ ಪಟ್ಟಿ ಇರಲೇಬೇಕು. ಕೂರಲು ಹಡಗಿನ ನಡುಭಾಗವೇ ವಾಸಿ. ಮೂತಿಯ ಕಡೆ ಏರಿಳಿತ ಹೆಚ್ಚು, ಹಿಂದುಗಡೆ ಡೀಸೆಲ್ ವಾಸನೆ. 2024ರ ಡಿಸೆಂಬರ್ 18ರಂದು ಇದೇ ಮುಂಬೈ ಕಡಲಿನಲ್ಲಿ ಗೇಟ್‌ವೇಯಿಂದ ಎಲಿಫೆಂಟಾ ದ್ವೀಪಕ್ಕೆ ಹೊರಟಿದ್ದ ಲಾಂಚಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಬಡಿದು ಜನ ಸತ್ತರು. ಅದಕ್ಕೇ ಲೈಫ್ ಜಾಕೆಟ್ ಎಲ್ಲಿದೆ ಎಂದು ಕೂತ ಕೂಡಲೇ ನೋಡಿಕೊಳ್ಳಿ. ಅದರ ಪಟ್ಟಿ ಅವಳ ಸುತ್ತಳತೆಗೆ ಸಾಲುತ್ತದೆಯೇ ಎಂದು ಸಿಬ್ಬಂದಿಯನ್ನು ಆಗಲೇ ಕೇಳಿ.

ದಡ ಸಿಗುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಏಳುತ್ತಾರೆ, ಹಡಗು ಧಕ್ಕೆಗೆ ತಾಗಿ ಸಣ್ಣಗೆ ಜಗ್ಗುತ್ತದೆ. ಆಗ ಅವಳು ಕೂತೇ ಇರಬೇಕು. ಶೌಚಾಲಯಕ್ಕೆ ಅದಕ್ಕೂ ಹತ್ತು ನಿಮಿಷ ಮೊದಲೇ ಹೋಗಿಬರಲಿ.

ಊಟ ಮನೆಯದೇ. ಬಾಳೆಲೆಯಲ್ಲಿ ಕಟ್ಟಿದ ಇಡ್ಲಿ, ಚಟ್ನಿಪುಡಿ, ಚಿತ್ರಾನ್ನ, ಒಬ್ಬರಿಗೆ ಒಂದೂವರೆ ಲೀಟರಿನಂತೆ ನೀರು. ಮೊಸರನ್ನಕ್ಕೆ ಹಾಲು ಹೆಚ್ಚು ಹಾಕಿ, ಹೆಪ್ಪು ಒಂದೇ ಚಮಚ ಬೆರೆಸಿದ್ದೆವು, ಮಧ್ಯಾಹ್ನಕ್ಕೂ ಹುಳಿಯಾಗಿರಲಿಲ್ಲ. ಹೆಚ್ಚಿಟ್ಟ ಹಣ್ಣು, ಗೋಲಾ, ಪಾನಿಪುರಿ ಬೇಡ. ಎಳನೀರನ್ನು ಕಣ್ಣೆದುರೇ ಕೆತ್ತಿಸಿ ಕುಡಿಯಬಹುದು. ಬಯಕೆ ಊಟವೆಂದು ಹಸಿರು ಬಳೆ, ಮಲ್ಲಿಗೆಯನ್ನೂ ಒಯ್ದಿದ್ದೆವು. ಮರಾಠಿಗರ ಬಯಕೆ ಊಟವಾದ ಡೋಹಾಳೆ ಜೇವಣದಲ್ಲಿ ಬಸುರಿಯನ್ನು ಅಲಂಕರಿಸಿದ ದೋಣಿಯಲ್ಲಿ ಕೂರಿಸುವ ಪದ್ಧತಿಯುಂಟು. ಇಲ್ಲಿ ಅದಕ್ಕೆ ನಿಜವಾದ ಕಡಲೇ ಸಿಕ್ಕಿತು.

ಮಾಂಡ್ವಾದಿಂದ ಕಿಹೀಮ್ ಹತ್ತಿರ. ಪಕ್ಷಿತಜ್ಞ ಸಲೀಂ ಅಲಿ 1930ರ ಸುಮಾರಿಗೆ ಗೀಜಗದ ಗೂಡುಗಳನ್ನು ಗಮನಿಸುತ್ತಾ ಕೂತ ಊರು ಅದು. ಅಲ್ಲಿಗೆ ಕಾರಿನಲ್ಲಿ ಹೋಗುವಾಗ ಮುಂದಿನ ಸೀಟು ಹಿಂದಕ್ಕೆ ಸರಿಸಿ, ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ ತೊಡೆಸಂದಿನ ಮೇಲೆ, ಮೇಲ್ಪಟ್ಟಿ ಎದೆಯ ನಡುವೆ ಬರುವಂತೆ ಹಾಕಬೇಕು. ಉಬ್ಬಿನಲ್ಲಿ ಕಾರು ಪೂರ್ತಿ ನಿಧಾನವಾಗಲಿ. ಅಲಿಬಾಗ್‌ನ ಕೊಲಾಬಾ ಕೋಟೆಯ ಟಾಂಗಾ ಸವಾರಿ, ಬನಾನಾ ಬೋಟು ಇನ್ನೊಮ್ಮೆ ಬಂದಾಗ ಇರಲಿ. ಮರದ ನೆರಳಲ್ಲಿ ಚಾಪೆ ಹಾಸಿ, ಎಡ ಮಗ್ಗುಲಿಗೆ ಒಂದು ಗಂಟೆ ಮಲಗಿದರೆ ಕಾಲಿನ ಬಾವು ಇಳಿಯಲು ನೆರವಾಗುತ್ತದೆ.

ವಾಪಸಿಗೆ ಕೊನೆಯ ಹಡಗನ್ನು ನಂಬಬಾರದು, ಅದಕ್ಕೆ ಮೊದಲಿನದನ್ನೇ ಹಿಡಿಯಿರಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದು, ಬೆಳಗಿಗಿಂತ ತೂಗಾಟ ಹೆಚ್ಚಿರುತ್ತದೆ. ಹಡಗು ರದ್ದಾದರೆ ಪೋಯ್ನಾಡ್, ವಡಖಳ್, ಪೇಣ್ ಮೇಲೆ ಬಂದು ಅಟಲ್ ಸೇತುವೆ ಹಿಡಿದು ಶಿವಡಿಗೆ ಇಳಿಯಬಹುದು. ಕಾರನ್ನು ಒಯ್ದದ್ದೇ ಈ ದಾರಿಗಾಗಿ. ನೀರು ಸೋರಿದರೆ, ರಕ್ತ ಕಂಡರೆ, ಹೊಟ್ಟೆ ಹಿಡಿದು ಹಿಡಿದು ಬಿಟ್ಟರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಹಡಗಿಗೆ ಕಾಯದೆ 108ಕ್ಕೆ ಫೋನ್ ಮಾಡಿ. ಜಿಲ್ಲಾ ಆಸ್ಪತ್ರೆ ಅಲಿಬಾಗ್‌ನಲ್ಲೇ ಇದೆ.