ದೊಡ್ಡವರಲ್ಲಿ ಎಡಿಎಚ್‌ಡಿ: ನಾನು ಹೇಗೆ ಪರೀಕ್ಷಿಸುತ್ತೇನೆ

ಈಚೆಗೆ ನನ್ನ ಹತ್ತಿರ ಬರುವವರಲ್ಲಿ ಅನೇಕರು ಮೊಬೈಲಿನಲ್ಲಿ ಎಡಿಎಚ್‌ಡಿ (ಚಿಕ್ಕಂದಿನಿಂದಲೇ ಇರುವ ಗಮನದ ಕೊರತೆ, ಚಡಪಡಿಕೆ, ದುಡುಕಿನ ತೊಂದರೆ) ಬಗ್ಗೆ ಯಾವುದೋ ವಿಡಿಯೊ ನೋಡಿ, ‘ಇದು ನನ್ನದೇ ಕಥೆ’ ಅನ್ನಿಸಿ ಬಂದವರು. ಅದರಲ್ಲಿ ತಪ್ಪೇನಿಲ್ಲ. ವರ್ಷಗಟ್ಟಲೆ ಸೋಮಾರಿ ಅನ್ನಿಸಿಕೊಂಡವರಿಗೆ ಅದೊಂದು ದಾರಿ ಕಂಡ ಹಾಗೆ.

ಮೊದಲು ಎಎಸ್‌ಆರ್‌ಎಸ್ ಅನ್ನುವ, ದೊಡ್ಡವರು ತಾವೇ ತುಂಬುವ ಪ್ರಶ್ನೆಗಳ ಫಾರಂ ಕೊಡುತ್ತೇನೆ. ಒಟ್ಟು 18 ಪ್ರಶ್ನೆ, ಮೊದಲ 6 ಮುಖ್ಯ. ಆದರೆ ಇದು ಜರಡಿ ಮಾತ್ರ. ನಿದ್ದೆಗೆಟ್ಟ ಬಾಣಂತಿಗೂ, ಖಿನ್ನತೆಯಲ್ಲಿ ಇರುವವರಿಗೂ ಇದರಲ್ಲಿ ಅಂಕ ಜಾಸ್ತಿ ಬರಬಹುದು. ಅಂಕ ನೋಡಿ ನಾನು ಏನನ್ನೂ ತೀರ್ಮಾನಿಸುವುದಿಲ್ಲ.

ನಿಜವಾದ ಕೆಲಸ ಮಾತುಕತೆಯಲ್ಲಿದೆ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ 17 ವರ್ಷ ತುಂಬಿದವರಿಗೆ ಗಮನದ 9 ಲಕ್ಷಣಗಳಲ್ಲಿ ಅಥವಾ ಚಡಪಡಿಕೆ, ದುಡುಕಿನ 9 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು. ಅವು ಮನೆ, ಆಫೀಸು ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು, ಬದುಕಿಗೆ ತೊಂದರೆ ಕೊಡುತ್ತಿರಬೇಕು. ಕೆಲವಾದರೂ 12 ವರ್ಷಕ್ಕೆ ಮುಂಚೆಯೇ ಇದ್ದಿರಬೇಕು. ನಾನು ಡಿವಾ-5 ಅನ್ನುವ ಸಂದರ್ಶನದ ಪ್ರಶ್ನಾವಳಿ ಇಟ್ಟುಕೊಂಡು ಪ್ರತಿಯೊಂದು ಲಕ್ಷಣವೂ ಈಗ ಹೇಗಿದೆ, ಚಿಕ್ಕಂದಿನಲ್ಲಿ ಹೇಗಿತ್ತು ಅಂತ ಕೇಳುತ್ತಾ ಹೋಗುತ್ತೇನೆ. ‘ಮರೆವು ಇದೆಯಾ?’ ಅಂದರೆ ಎಲ್ಲರೂ ಹೌದು ಅನ್ನುತ್ತಾರೆ. ಅದಕ್ಕೇ ‘ಹೋದ ತಿಂಗಳ ಕರೆಂಟ್ ಬಿಲ್ ಯಾವಾಗ ಕಟ್ಟಿದ್ರಿ, ಹೇಗೆ ನೆನಪಾಯ್ತು?’ ಅಂತ ಕೇಳುತ್ತೇನೆ. ಫ್ಯೂಸ್ ಕೀಳಲು ಬಂದ ಮೇಲೆ ಓಡಿ ಹೋಗಿ ಕಟ್ಟಿದ ಕಥೆ ಆಗ ಹೊರಗೆ ಬರುತ್ತದೆ.

ನಮ್ಮಲ್ಲಿ ಕಷ್ಟ ಇರುವುದು ಬಾಲ್ಯದ ಭಾಗದಲ್ಲಿ. ಗುರುತು ಸಿಗದ ಹಾಗೆ ಬದಲಿಸಿ ಒಂದು ಉದಾಹರಣೆ ಹೇಳುತ್ತೇನೆ. ಕೆಲಸದಲ್ಲಿರುವ, ಚಿಕ್ಕ ಮಗುವಿರುವ ಹೆಣ್ಣುಮಗಳು. ಜೊತೆಗೆ ತಾಯಿ ಬಂದಿದ್ದರು. ‘ಚಿಕ್ಕವಳಿದ್ದಾಗ ಏನೂ ತೊಂದ್ರೆ ಇರ್ಲಿಲ್ಲ ಮೇಡಂ, ಕ್ಲಾಸಿಗೇ ಫಸ್ಟು’ ಅಂದರು. ನಾನು ಬಿಡಲಿಲ್ಲ. ‘ಸ್ಕೂಲ್ ಬ್ಯಾಗು ಯಾರು ಜೋಡಿಸ್ತಿದ್ರು ಅಮ್ಮ?’ ‘ನಾನೇ.’ ‘ಹೋಂವರ್ಕು?’ ‘ಮುಗಿಸೋವರೆಗೂ ಪಕ್ಕದಲ್ಲೇ ಕೂತಿರ್ತಿದ್ದೆ. ನಾನು ಎದ್ರೆ ಅವಳೂ ಎದ್ದುಬಿಡೋಳು.’ ಆಮೇಲೆ ಕಳೆದುಹೋದ ಜಾಮಿಟ್ರಿ ಬಾಕ್ಸು, ಕೊಡೆ, ಸ್ವೆಟರುಗಳ ಲೆಕ್ಕ ಒಂದೊಂದಾಗಿ ಬಂತು. ಟ್ರಂಕಿನಲ್ಲಿದ್ದ ಪ್ರೋಗ್ರೆಸ್ ಕಾರ್ಡನ್ನೂ ತರಿಸಿದೆ. ಅಂಕಗಳೆಲ್ಲ ಚೆನ್ನಾಗಿದ್ದವು. ಕೆಳಗೆ ಟೀಚರ್ ಬರೆದಿದ್ದರು: ‘ಜಾಣೆ, ಕ್ಲಾಸಿನಲ್ಲಿ ಗಮನ ಸಾಲದು.’

ಅಮ್ಮ ಪಕ್ಕದಲ್ಲಿ ಕೂತಿರುವವರೆಗೆ ಎಲ್ಲವೂ ನಡೆದಿತ್ತು. ಮದುವೆ, ಕೆಲಸ, ಮಗು ಅಂತ ಆದಮೇಲೆ ಇವಳೇ ಇನ್ನೊಬ್ಬರಿಗಾಗಿ ಎಲ್ಲ ನೆನಪಿಡಬೇಕಾಯಿತು. ಇಂಥ ಹೆಣ್ಣುಮಕ್ಕಳು ಸುಮ್ಮನೆ ಕೂರುವವರು, ಗಲಾಟೆ ಮಾಡದವರು. ಶಾಲೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಇದು ಬಹಳ ಬೇಸರದ ವಿಷಯ. ಅದಕ್ಕೇ ‘ಮಾರ್ಕ್ಸ್ ಚೆನ್ನಾಗಿತ್ತು’ ಅನ್ನುವ ಒಂದು ಮಾತಿಗೆ ನಾನು ಫೈಲ್ ಮುಚ್ಚುವುದಿಲ್ಲ.

ಇನ್ನೊಂದು ಕಡೆ, ತೊಂದರೆ ಮೂರು ವರ್ಷದ ಹಿಂದೆಯಷ್ಟೇ ಶುರುವಾಯಿತು ಅಂದರೆ ಬೇರೆ ಕಾರಣ ಹುಡುಕುತ್ತೇನೆ. ಥೈರಾಯ್ಡ್, ರಕ್ತಹೀನತೆ, ಕುಡಿತ, ಆತಂಕ, ಖಿನ್ನತೆ ಎಲ್ಲವೂ ಗಮನ ಕೆಡಿಸುತ್ತವೆ. ನಿದ್ದೆ ಸರಿಯಾಗದಿದ್ದರೂ ಹಾಗೇ ಆಗುತ್ತದೆ, ಅದಕ್ಕೇ ಗೊರಕೆ ಇದೆಯಾ, ನಿದ್ದೆಯ ಮಧ್ಯೆ ಉಸಿರು ಕಟ್ಟುತ್ತದಾ ಅಂತ ಹೆಂಡತಿಯನ್ನೋ ಗಂಡನನ್ನೋ ಕೇಳುತ್ತೇನೆ. ಚುರುಕು, ದುಡುಕು ಕೆಲವು ದಿನ ಏರಿ ಮತ್ತೆ ಇಳಿಯುತ್ತಿದ್ದರೆ ಬೈಪೋಲಾರ್ (ಮನಸ್ಸು ವಿಪರೀತ ಏರಿ ಇಳಿಯುವ ಕಾಯಿಲೆ) ಇರಬಹುದಾ ಅಂತ ನೋಡಲೇಬೇಕು.

ಕಂಪ್ಯೂಟರಿನಲ್ಲಿ ಮಾಡುವ ಗಮನದ ಪರೀಕ್ಷೆಗೆ ನಾನು ಹೆಚ್ಚು ತೂಕ ಕೊಡುವುದಿಲ್ಲ. ಸದ್ದಿಲ್ಲದ ಕೋಣೆ, ಹೊಸ ಕೆಲಸ, ಎದುರಿಗೊಬ್ಬರು. ಎಡಿಎಚ್‌ಡಿ ಇರುವವರೂ ಅಲ್ಲಿ ಚೆನ್ನಾಗಿಯೇ ಮಾಡಿಬಿಡಬಹುದು.

ರಿಪೋರ್ಟಿನಲ್ಲಿ ಪ್ರತಿ ಲಕ್ಷಣಕ್ಕೂ ಅವರು ಹೇಳಿದ ಘಟನೆಯನ್ನೇ ಬರೆಯುತ್ತೇನೆ. ಮೀಥೈಲ್‌ಫೆನಿಡೇಟ್‌ನಂಥ ಔಷಧಿ ಬೇಕೋ ಬೇಡವೋ ಅನ್ನುವುದನ್ನು ಬಿಪಿ, ಹೃದಯದ ವಿಚಾರ ನೋಡಿಕೊಂಡು ಸೈಕಿಯಾಟ್ರಿಸ್ಟ್ ನಿರ್ಧರಿಸುತ್ತಾರೆ. ಎಡಿಎಚ್‌ಡಿ ಇಲ್ಲ ಅಂತಾದರೂ ಬರೀ ‘ಇಲ್ಲ’ ಅಂತ ಬರೆದು ಕಳಿಸುವುದಿಲ್ಲ. ಆ ತೊಂದರೆ ಎಲ್ಲಿಂದ ಬರುತ್ತಿರಬಹುದು, ಮುಂದೆ ಯಾರನ್ನು ಕಾಣಬೇಕು, ಯಾವ ರಕ್ತಪರೀಕ್ಷೆ ಮಾಡಿಸಬೇಕು ಅನ್ನುವುದನ್ನು ಕೂರಿಸಿಕೊಂಡು ಹೇಳಿ, ಅದನ್ನೂ ರಿಪೋರ್ಟಿನಲ್ಲಿ ಬರೆದುಕೊಡುತ್ತೇನೆ.