ಮುಟ್ಟು ಸರಿಯಾಗಿರಬೇಕಾ? ಮೊದಲು ತಟ್ಟೆ ನೋಡಿ

ಅಂಕೋಲಾದಲ್ಲಿರುವ ಅಕ್ಕನ ಮಗಳು ದಿನಾ ಕಾರವಾರದ ಕಾಲೇಜಿಗೆ ಹೋಗಿಬರುತ್ತಾಳೆ. ಬಸ್ಸು ತಪ್ಪುತ್ತದೆ ಅಂತ ಬೆಳಿಗ್ಗೆ ಒಂದು ಲೋಟ ಚಾ, ಎರಡು ಬಿಸ್ಕತ್ತು, ಅಷ್ಟೇ. ಹೋದ ವರ್ಷ ಎರಡೂವರೆ ತಿಂಗಳು ಅವಳಿಗೆ ಮುಟ್ಟೇ ಬರಲಿಲ್ಲ. ಬಂದಾಗ ಒಂಬತ್ತು ದಿನ ನಿಲ್ಲಲಿಲ್ಲ. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9, ಇರಬೇಕಾದ್ದು ಕನಿಷ್ಠ 12. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಊಟ ಸರಿ ಮಾಡಮ್ಮ" ಅಂದರಂತೆ. "ಸರಿ ಮಾಡೋದು ಅಂದ್ರೆ ಏನ್ ಚಿಕ್ಕಿ?" ಅಂತ ಅವಳು ಕೇಳಿದಾಗ ನಾನು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡಬೇಕಾದ್ದು ಅಡುಗೆಮನೆಯಿಂದಲ್ಲ, ಗೋಡೆಯ ಕ್ಯಾಲೆಂಡರಿನಿಂದ. ಮುಟ್ಟು ಶುರುವಾದ ದಿನಕ್ಕೊಂದು ಗುರುತು, ನಿಂತ ದಿನಕ್ಕೊಂದು ಗುರುತು ಹಾಕಿ. ಒಂದು ಮುಟ್ಟಿನ ಮೊದಲ ದಿನದಿಂದ ಇನ್ನೊಂದರ ಮೊದಲ ದಿನಕ್ಕೆ 21ರಿಂದ 35 ದಿನ ಇದ್ದರೆ ಸರಿ ಇದೆ ಅಂತ ಅರ್ಥ. ಎಲ್ಲರಿಗೂ 28ಕ್ಕೇ ಆಗಬೇಕು ಅಂತೇನಿಲ್ಲ. ಹೊಸದಾಗಿ ದೊಡ್ಡವರಾದ ಹುಡುಗಿಯರಿಗೆ ಮೊದಲ ಒಂದೆರಡು ವರ್ಷ ಹಿಂದೆ ಮುಂದೆ ಆಗುತ್ತದೆ, ಅದಕ್ಕೆ ಹೆದರಬೇಡಿ.

ಆಮೇಲೆ ಬೆಳಗಿನ ತಿಂಡಿ. ಹೊಟ್ಟೆಗೆ ಸಾಕಷ್ಟು ಬೀಳದಿದ್ದರೆ ದೇಹ ಮೊದಲು ಉಳಿತಾಯ ಮಾಡುವುದು ಮುಟ್ಟಿನಲ್ಲೇ. ಅಂಡಾಣು ಬಿಡುಗಡೆಯೇ ನಿಂತುಬಿಡಬಹುದು, ಮುಟ್ಟು ಮುಂದೆ ಹೋಗಬಹುದು. ಸಣ್ಣಗಾಗಬೇಕು ಅಂತ ಉಪವಾಸ ಬೀಳುವ ಹುಡುಗಿಯರಲ್ಲಿ ಇದನ್ನು ನೋಡುತ್ತಲೇ ಇರುತ್ತೇವೆ. ದೋಸೆ, ಕುಚ್ಚಲಕ್ಕಿ ಗಂಜಿ, ರಾಗಿ ಅಂಬಲಿ, ಯಾವುದಾದರೂ ಆಗಲಿ, ಹೊಟ್ಟೆ ತುಂಬ ತಿಂದು ಮನೆ ಬಿಡಿ. ತೂಕ ಜಾಸ್ತಿ ಇದ್ದು ಪಿಸಿಒಡಿ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಇರುವವರ ವಿಷಯ ಬೇರೆ. ಅವರು ಅನ್ನ, ಸಿಹಿ, ಬೇಕರಿ ತಿಂಡಿ ಕಡಿಮೆ ಮಾಡಿ ಕಾಳು, ತರಕಾರಿ ಜಾಸ್ತಿ ಮಾಡಬೇಕು. ತೂಕದಲ್ಲಿ ನೂರಕ್ಕೆ ಐದು ಪಾಲು ಇಳಿದರೂ ಎಷ್ಟೋ ಜನರಿಗೆ ಮುಟ್ಟು ದಾರಿಗೆ ಬರುತ್ತದೆ.

ಈಗ ಕಬ್ಬಿಣ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30-40 ಮಿಲಿಲೀಟರ್ ರಕ್ತ ಹೋಗುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಹತ್ತಿರ ಹತ್ತಿರ ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಅದನ್ನು ಪ್ರತಿ ತಿಂಗಳೂ ತುಂಬಿಕೊಡಬೇಕು. ಸೊಪ್ಪು, ಕಾಳುಗಳಲ್ಲಿ ಕಬ್ಬಿಣ ಇದ್ದರೂ ದೇಹ ಅದರಲ್ಲಿ ಸ್ವಲ್ಪವನ್ನು ಮಾತ್ರ ಎಳೆದುಕೊಳ್ಳುತ್ತದೆ. ಆ ಸ್ವಲ್ಪವನ್ನು ಜಾಸ್ತಿ ಮಾಡುವುದು ನಮ್ಮ ಕೈಯಲ್ಲಿದೆ. ಹರಿವೆ ಸೊಪ್ಪಿನ ಪಲ್ಯ ಮಾಡಿ, ಒಲೆ ಆರಿಸಿದ ಮೇಲೆ ಅರ್ಧ ಲಿಂಬೆಹಣ್ಣು ಹಿಂಡಿ. ಕುದಿಯುವಾಗ ಹಿಂಡಿದರೆ ಸಿ ವಿಟಮಿನ್ ಹಾಳಾಗುತ್ತದೆ, ಅದಕ್ಕೇ ಆರಿಸಿದ ಮೇಲೆ. ಲಿಂಬೆ ಇಲ್ಲದಿದ್ದರೆ ಊಟದ ಜೊತೆ ಹಸಿ ನೆಲ್ಲಿಕಾಯಿ ತಿನ್ನಿ, ಇಲ್ಲವೇ ಊಟ ಆದ ಕೂಡಲೇ ಒಂದು ಪೇರಲೆ. ಹುರುಳಿಯನ್ನು ನೆನೆಸಿ ಮೊಳಕೆ ಬರಿಸಿ ಸಾರು ಮಾಡಿದರೆ ಅದರ ಕಬ್ಬಿಣ ಇನ್ನೂ ಚೆನ್ನಾಗಿ ಸಿಗುತ್ತದೆ. ಅಜ್ಜಿಯ ಕಾಲದ ಕಬ್ಬಿಣದ ಬಾಣಲೆ ಅಟ್ಟದಲ್ಲಿದ್ದರೆ ಇಳಿಸಿ. ಹುಳಿ ಹಾಕಿದ ಪಲ್ಯ ಅದರಲ್ಲಿ ಬೇಯುವಾಗ ಸ್ವಲ್ಪ ಕಪ್ಪಾಗುತ್ತದೆ ಅಲ್ವಾ, ಆ ಕಪ್ಪು ಬಾಣಲೆ ಬಿಟ್ಟುಕೊಟ್ಟ ಕಬ್ಬಿಣ.

ಮೀನು ತಿನ್ನುವವರಿಗೆ ಇನ್ನೂ ಸುಲಭ. ಅಘನಾಶಿನಿ ಹಿನ್ನೀರಿನ ಬಳಚು, ಅಂದರೆ ಚಿಪ್ಪುಮೀನು, ಕುಮಟಾ ಪೇಟೆಗೆ ಬಂದಾಗ ಬಿಡಬೇಡಿ. ಅದರ ಕಬ್ಬಿಣ ಸೊಪ್ಪಿನದ್ದಕ್ಕಿಂತ ಬೇಗ ರಕ್ತ ಸೇರುತ್ತದೆ, ಬಿ12 ಕೂಡ ಇದೆ. ಮರಳು ಹೋಗಲು ಉಪ್ಪುನೀರಲ್ಲಿ ಒಂದೆರಡು ತಾಸು ಬಿಟ್ಟು, ತೊಳೆದು, ಸ್ವಲ್ಪ ನೀರಿಟ್ಟು ಮುಚ್ಚಿ ಬೇಯಿಸಿ. ಬಾಯಿ ಬಿಡದ ಚಿಪ್ಪನ್ನು ಎಸೆಯಿರಿ. ಬೆಂದ ನೀರನ್ನು ಮಾತ್ರ ಚೆಲ್ಲಬೇಡಿ, ಸೋಸಿ ಕಾಯಿ ಮಸಾಲೆಗೆ ಹಾಕಿ.

ಚಾ ವಿಷಯಕ್ಕೆ ಬಂದರೆ ನಮ್ಮಲ್ಲಿ ಜಗಳವೇ ಆಗುತ್ತದೆ. ಬಿಡಿ ಅಂತ ಹೇಳುತ್ತಿಲ್ಲ. ದೋಸೆ ಜೊತೆ, ಊಟದ ಬೆನ್ನಿಗೇ ಕುಡಿಯಬೇಡಿ ಅಂತಷ್ಟೇ. ಚಾದ ಒಗರು ಕಬ್ಬಿಣವನ್ನು ಹಿಡಿದುಕೊಂಡು ಬಿಡುತ್ತದೆ. ಮಧ್ಯೆ ಒಂದು ತಾಸು ಇರಲಿ. ಕಾಫಿಗೂ ಅದೇ ಮಾತು.

ಬೀಟ್‌ರೂಟ್ ತಿಂದರೆ ರಕ್ತ ಆಗುತ್ತದೆ ಅಂತ ಎಷ್ಟು ಜನ ನಂಬಿದ್ದಾರೆ! 100 ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಅಷ್ಟೇ ಎಳ್ಳಿನಲ್ಲಿ ಹತ್ತಕ್ಕೂ ಜಾಸ್ತಿ ಇದೆ. ಹಾಗಾಗಿ ಎಳ್ಳುಂಡೆ ತಿನ್ನಿ, ಆದರೆ ಅದರ ಬೆಲ್ಲದಿಂದಲೇ ರಕ್ತ ತುಂಬುತ್ತದೆ ಅಂದುಕೊಂಡು ಜೋನಿ ಬೆಲ್ಲವನ್ನು (ನೀರು ಬೆಲ್ಲ) ಬಟ್ಟಲುಗಟ್ಟಲೆ ಸುರಿದುಕೊಳ್ಳಬೇಡಿ. ಪಪ್ಪಾಯಿ ತಿಂದು ಮುಟ್ಟು ಬರಿಸುವುದೂ ನಂಬಿಕೆಯ ಮಾತೇ.

ಹೊಟ್ಟೆನೋವಿನ ದಿನ ನಮ್ಮ ಮನೆಯಲ್ಲಿ ಶುಂಠಿ ಕಷಾಯ. ಹೆಬ್ಬೆರಳಿನ ಅರ್ಧದಷ್ಟು ಶುಂಠಿ ಜಜ್ಜಿ, ಕೊತ್ತಂಬರಿ ಬೀಜ, ಜೀರಿಗೆ ಹಾಕಿ ಎರಡು ಲೋಟ ನೀರು ಒಂದಾಗುವಷ್ಟು ಕುದಿಸುವುದು. ಶುಂಠಿಯಿಂದ ನೋವು ಸ್ವಲ್ಪ ಕಡಿಮೆ ಆಗುತ್ತದೆ ಅಂತ ಅಧ್ಯಯನಗಳೂ ಹೇಳುತ್ತವೆ. ಹೊಟ್ಟೆ ಉಬ್ಬರ ಇದ್ದರೆ ಉಪ್ಪಿನಕಾಯಿ, ಹಪ್ಪಳ ಎರಡು ದಿನ ದೂರ ಇಡಿ. ಒಂದೆಲಗದ ತಂಬುಳಿ ಅನ್ನ ಅಂಥ ದಿನ ಹಗುರವಾಗಿ ಇಳಿಯುತ್ತದೆ, ಶಿರಸಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಇನ್ನೊಂದು ಮಾತು, ಇದು ನನ್ನ ಎದೆಯಲ್ಲೇ ಇದ್ದದ್ದು. ನಾನು ಚಿಕ್ಕವಳಿದ್ದಾಗ ಹೊರಗೆ ಕೂತವರಿಗೆ ಎಲ್ಲರ ಊಟ ಆದ ಮೇಲೆ ಉಳಿದದ್ದನ್ನು ಬಡಿಸುತ್ತಿದ್ದರು. ಪಲ್ಯ ಅಷ್ಟೊತ್ತಿಗೆ ಖಾಲಿ, ಬರೀ ಅನ್ನ, ಸಾರು. ರಕ್ತ ಹೋಗುತ್ತಿರುವ ದಿನಗಳಲ್ಲೇ ಕಡಿಮೆ ಊಟ. ನಿಮ್ಮ ಮನೆಯಲ್ಲಿ ಈಗಲೂ ಹೊರಗೆ ಕೂರುವ ಪದ್ಧತಿ ಇದ್ದರೆ ಅವಳ ಪಾಲನ್ನು ಮೊದಲೇ ತೆಗೆದಿಡಿ.

ಊಟದಿಂದ ಎಲ್ಲವೂ ಸರಿಹೋಗುವುದಿಲ್ಲ. ಥೈರಾಯ್ಡ್ ತೊಂದರೆಯಿದ್ದರೆ, ಗರ್ಭಕೋಶದಲ್ಲಿ ಗೆಡ್ಡೆಯಿದ್ದರೆ ಸೊಪ್ಪು ತಿಂದು ಕೂತರೆ ಆಗದು. ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ, ತಲೆ ಸುತ್ತು ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಏಳು ದಿನ ದಾಟಿಯೂ ನಿಲ್ಲದಿದ್ದರೆ, ಮೂರು ತಿಂಗಳು ಮುಟ್ಟೇ ಬರದಿದ್ದರೆ, ಮುಟ್ಟು ನಿಂತ ವಯಸ್ಸಿನಲ್ಲಿ ಮತ್ತೆ ರಕ್ತ ಕಂಡರೆ ಕೂಡ ತೋರಿಸಲೇಬೇಕು. ಹೋಗುವಾಗ ಆ ಕ್ಯಾಲೆಂಡರಿನ ಹಾಳೆಗಳ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ, ಡಾಕ್ಟರು ಮೊದಲು ಕೇಳುವುದೇ ತಾರೀಕು.